ಕಂಪ್ಯೂಟರಿನ ಸಹಿ ಕೇಳಿದ ದೊಡ್ಡಮ್ಮ

“ನೀವಿಬ್ರೂ ಒಬ್ರೇ ಅಂತ ಕಂಪ್ಯೂಟರ್ ತೀರ್ಮಾನ ಮಾಡಿದೆ ಅಜ್ಜಿ, ನಾವಲ್ಲ” ಎಂದರು ಯಲಹಂಕದ ಕಚೇರಿಯ ಗುಮಾಸ್ತರು. ಜಕ್ಕೂರಿನ ನನ್ನ ದೊಡ್ಡಮ್ಮಂದಿರು ಅವಳಿಗಳು. ಮುಖ, ಹುಟ್ಟಿದ ದಿನ, ವಿಳಾಸ ಎಲ್ಲವೂ ಒಂದೇ ಎಂದು ಕಂಪ್ಯೂಟರು ಕಿರಿಯವರ ವೃದ್ಧಾಪ್ಯ ಪಿಂಚಣಿಯನ್ನೇ ನಿಲ್ಲಿಸಿಬಿಟ್ಟಿತ್ತು. ತಾವು ಇಬ್ಬರು ಎಂದು ತೋರಿಸಲು ಬಂದವರು ಎಂದಿನಂತೆ ಒಂದೇ ಥರದ ಹಸಿರು ಸೀರೆ ಉಟ್ಟು ಬಂದಿದ್ದರು! ನಾನು ತಲೆ ಚಚ್ಚಿಕೊಂಡೆ.

ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಗುಮಾಸ್ತರು ಅರ್ಜಿ ವಾಪಸು ಕೊಟ್ಟಾಗ ಹಿರಿಯ ದೊಡ್ಡಮ್ಮ ತಂಗಿಯ ಕೈ ಹಿಡಿದು ಮೇಜಿನ ಮುಂದೆ ನಿಲ್ಲಿಸಿದರು. “ಅಂಗಾದ್ರೆ, ಇವ್ಳು ಇಲ್ಲ ಅಂತ ಆ ಕಂಪ್ಯೂಟರ್ ಕೈಲೇ ಬರ್ಸಿ ಸೈನ್ ಹಾಕ್ಸಿಕೊಡಪ್ಪ.”

ಗುಮಾಸ್ತರು ನಕ್ಕರು. ಆಮೇಲೆ ಆ ನಗು ನಿಂತಿತು. ಒಂದು ಬಿಳಿ ಹಾಳೆ ಎಳೆದುಕೊಂಡು ‘ಇಬ್ಬರನ್ನೂ ಖುದ್ದಾಗಿ ಕಂಡಿದ್ದೇನೆ’ ಎಂದು ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಪಿಂಚಣಿ ಮತ್ತೆ ಬಂತು. ಆ ಹಾಳೆಯ ಜೆರಾಕ್ಸು ಇಬ್ಬರ ಟ್ರಂಕಿನಲ್ಲೂ ಒಂದೊಂದಿದೆ. ಯಾವ ಕಚೇರಿಯಲ್ಲಾದರೂ ‘ಸಿಸ್ಟಮ್ ತಗೊಳ್ತಿಲ್ಲ’ ಎಂದರೆ ಈಗ ನಾನೂ ಮೆತ್ತಗೆ ಕೇಳುತ್ತೇನೆ: “ನಿಮ್ಮ ಹೆಸರೇನು ಸಾರ್?”