ಮೂರು ಹೊಸ್ತಿಲ ಮನೆ

ನಾಗವೇಣಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮರಾಠಿ ಸೀಮೆಯ ಘಣಸೋಲಿಯ ಆ ಸಾಲುಮನೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರೇ ಸಂಜೆಯಾಗುತ್ತಲೇ ಜೋಳದ ರೊಟ್ಟಿಗಾಗಿ ಅವಳ ಮನೆಯ ಮುಂದೆ ನಿಂತಿರುತ್ತಾರೆ. ರಬಾಳೆಯ ಕಾರ್ಖಾನೆಗಳಲ್ಲಿ ಮಾಲು ಏರಿಸಿ ಇಳಿಸುವ ಕಲಬುರಗಿ, ರಾಯಚೂರಿನ ಹುಡುಗರಿಗೆ ಅವಳ ರೊಟ್ಟಿ, ಶೇಂಗಾ ಚಟ್ನಿಯಿಲ್ಲದೆ ಊಟ ಇಳಿಯುವುದಿಲ್ಲ. ತಡವಾಗಿ ಬಂದವನಿಗೆ ಬೈಗುಳ, ಚಿಲ್ಲರೆ ತರದವನಿಗೆ ಬೈಗುಳ, ಮೊಬೈಲು ನೋಡುತ್ತ ನಿಂತವನಿಗಂತೂ ಎರಡು ಪಾಲು. ಆ ಬೈಗುಳದಲ್ಲಿ ವಿಷವಿಲ್ಲವೆಂದು ಅವರಿಗೆಲ್ಲ ಗೊತ್ತಿತ್ತು. ಆದರೆ ಹೋದ ವರ್ಷ ಅತ್ತೆ ಸತ್ತ ಮೇಲೆ ಅವಳ ಸಿಟ್ಟು ಮೂಗಿನಿಂದ ಇಳಿದು ಎದೆಯಲ್ಲಿ ಕೂತಿತು, ಅವಳು ಬೈಯುವುದನ್ನೇ ಬಿಟ್ಟಳು. ಹುಡುಗರಿಗೆ ಹೆದರಿಕೆಯಾದದ್ದು ಆಗಲೇ.

ಅದಕ್ಕೆಲ್ಲ ಕಾರಣ ಅವಳ ಮನೆಯ ಬಾಗಿಲು.

ಆ ಮನೆಯನ್ನು ಕಟ್ಟಿಸಿದ್ದು ಅವಳ ಮಾವ. ಊರು ಬಿಟ್ಟು ಬಂದರೂ ಹೊಸ್ತಿಲು ಮಾತ್ರ ಊರಿನದೇ ಇರಲಿ ಎಂದು ಇಂಡಿ ತಾಲೂಕಿನ ಕಡೆಯಿಂದ ಕರಿಕಲ್ಲೊಂದನ್ನು ಲಾರಿಯಲ್ಲಿ ಹೇರಿಸಿ ತಂದಿದ್ದ. ನಾಗವೇಣಿ ಮದುವೆಯಾಗಿ ಬಂದಾಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ, ಆ ಕಲ್ಲಿನ ಮೇಲಿಟ್ಟ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದಿದ್ದಳು. ಗಂಡ ಸಂಗಮೇಶ ಆರಡಿಯ ಆಳು. ಅವನು ಕೂಡ ತಲೆಯೆತ್ತಿಕೊಂಡೇ ಒಳಗೆ ಬರುವಷ್ಟು ಎತ್ತರದ ಬಾಗಿಲು ಅದಾಗಿತ್ತು.

ಆಮೇಲೆ ರಸ್ತೆ ಬೆಳೆಯತೊಡಗಿತು. ಹೌದು, ಘಣಸೋಲಿಯಲ್ಲಿ ಮಕ್ಕಳಿಗಿಂತ ಬೇಗ ರಸ್ತೆಗಳು ಬೆಳೆಯುತ್ತವೆ. ಹಳೆಯ ಡಾಂಬರನ್ನು ಕೆರೆದು ತೆಗೆಯುವ ಕಷ್ಟವನ್ನು ಯಾವ ಕಂತ್ರಾಟುದಾರನೂ ತೆಗೆದುಕೊಳ್ಳಲಿಲ್ಲ. ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಮತ್ತೆ ಡಾಂಬರು. ಮೊದಲು ಮೆಟ್ಟಿಲುಗಳು ಮುಳುಗಿದವು. ಮುಂದಿನ ಮಳೆಗಾಲದಲ್ಲಿ ರಸ್ತೆಯ ನೀರು ನೇರವಾಗಿ ಅಡುಗೆಮನೆಗೆ ಬಂತು. ಸಂಗಮೇಶ ಒಳಗೆಲ್ಲ ಗರಸು ಮಣ್ಣು ತುಂಬಿಸಿ ನೆಲವನ್ನು ಏರಿಸಿದ. ಹೊಸ್ತಿಲನ್ನು ಕಿತ್ತು ಮೇಲಿಡೋಣ ಎಂದಾಗ ಅವನ ತಾಯಿ ಗುರಲಿಂಗವ್ವ ಅಡ್ಡ ನಿಂತಳು. ಬಾಳುವೆ ನಡೆದಿರುವ ಮನೆಯ ಹೊಸ್ತಿಲು ಕೀಳುವುದುಂಟೇ? ಅರಿಶಿನ ಕುಂಕುಮ ಉಂಡ ಕಲ್ಲು ಅಲ್ಲೇ ಇರಲಿ, ಅದರ ಮೇಲೆ ಇನ್ನೊಂದನ್ನು ಇಡಿ ಎಂದಳು. ಇಟ್ಟರು. ಬಾಗಿಲು ಮುಚ್ಚದಾದಾಗ ಬಡಿಗನನ್ನು ಕರೆಸಿ ಬಾಗಿಲಿನ ಬುಡವನ್ನೇ ಕೊಯ್ಯಿಸಿದರು.

ಕೆಲವು ವರ್ಷ ಕಳೆದು ಡಾಂಬರಿನ ಮೇಲೆ ಕಾಂಕ್ರೀಟು ಬಂತು. ಮತ್ತೆ ಗರಸು, ಮತ್ತೊಂದು ಹೊಸ್ತಿಲು, ಮತ್ತೆ ಬಾಗಿಲಿಗೆ ಗರಗಸ. ನೆಲ ಏರಿ ಏರಿ ಸೂರಿಗೆ ಸಮೀಪ ಬಂದು, ಕೈಯೆತ್ತಿದರೆ ಬೆರಳು ತಾಗುತ್ತದೆಂದು ಫ್ಯಾನನ್ನೂ ಬಿಚ್ಚಿಟ್ಟರು. ಮನೆಗೆ ಬಂದವರೆಲ್ಲ ತಲೆ ಬಗ್ಗಿಸಿ ಒಳಗೆ ಬರುವುದು ರೂಢಿಯಾಯಿತು. ಸಂಗಮೇಶನ ಹಣೆಯ ಮೇಲೊಂದು ಗಂಟು ಕಾಯಂ ಆಯಿತು. ಇಷ್ಟಾದರೂ ರಸ್ತೆ ಯಾಕೆ ಏರಿಸಿದಿರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಸರಕಾರದ್ದು ರಸ್ತೆ, ನಮ್ಮದು ತಲೆ, ಬಗ್ಗಬೇಕಾದದ್ದು ಯಾವುದು ಎಂಬುದರಲ್ಲಿ ಆ ಸಾಲಿನ ಯಾರಿಗೂ ಅನುಮಾನವಿರಲಿಲ್ಲ.

ಹೋದ ಶ್ರಾವಣದಲ್ಲಿ ಗುರಲಿಂಗವ್ವ ತೀರಿಕೊಂಡಳು. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿಯಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂ ಮುಡಿಸಿ, ಕುಳಿತ ಹಾಗೆಯೇ ಹೊರಗೆ ತಂದು ಹೂವಿನ ವಿಮಾನದಲ್ಲಿ ಇಡುತ್ತಾರೆ. ಬದುಕಿದ್ದಾಗ ಹೇಗೋ ಏನೋ, ಹೋಗುವಾಗ ಮಾತ್ರ ಬಡವರೂ ಕುಳಿತೇ ಹೋಗುತ್ತಾರೆ. ನಾಲ್ವರು ಅವಳನ್ನು ಕೂರಿಸಿದ್ದ ಕುರ್ಚಿಯನ್ನೆತ್ತಿ ಬಾಗಿಲಿಗೆ ಬಂದರು. ಕುರ್ಚಿ ಹಿಡಿಯಲಿಲ್ಲ. ಇಳಿಸಿದರು, ಓರೆ ಮಾಡಿದರು, ಹಿಂದಕ್ಕೆ ವಾಲಿಸಿದರು. ವಾಲಿಸುವಾಗ ಮುದುಕಿಯ ತಲೆ ಚೌಕಟ್ಟಿಗೆ ಬಡಿದು ಟಕ್ಕೆಂದಿತು. ಹೂವು ಉದುರಿದವು, ವಿಭೂತಿ ಕಟ್ಟಿಗೆಗೆ ಮೆತ್ತಿತು. ಕೊನೆಗೆ ಅವಳನ್ನು ಮೂಟೆಯ ಹಾಗೆ ಅಡ್ಡ ಮಲಗಿಸಿ ಹೊರಗೆ ತಂದರು. ಸತ್ತವರಿಗೆ ನೋವಾಗುವುದಿಲ್ಲ ಎಂದು ಯಾರೋ ಸಮಾಧಾನ ಹೇಳಿದರು. ನಾಗವೇಣಿ ಆ ಮನುಷ್ಯನ ಮುಖವನ್ನೇ ಒಂದು ಗಳಿಗೆ ನೋಡಿದಳು.

ಅತ್ತೆಯ ದಿನಕಾರ್ಯ ಮುಗಿದ ಮರುದಿನವೇ ಅವಳು ಗಂಡನಿಗೆ ಹೇಳಿದಳು, ಈ ಮನೆ ಕೆಡವಿ ಹೊಸದು ಕಟ್ಟಬೇಕು, ಬಾಗಿಲು ಎತ್ತರ ಇರಬೇಕು.

ನಕ್ಷೆ ಬರೆದುಕೊಟ್ಟವಳು ಆಶ್ರಿತಾ, ಡೊಂಬಿವಲಿಯಲ್ಲಿರುವ ಬೆಂಗಳೂರಿನ ಹುಡುಗಿ, ಆರ್ಕಿಟೆಕ್ಟ್. ರಸ್ತೆಗಿಂತ ಎರಡು ಮೆಟ್ಟಿಲು ಮೇಲೆ ನೆಲ, ಮಾವನ ಕಾಲದಷ್ಟೇ ಎತ್ತರದ ಬಾಗಿಲು, ಮೇಲೊಂದು ಅಂತಸ್ತು. ಚೆನ್ನಾದ ನಕ್ಷೆ. ಅದು ನಗರಪಾಲಿಕೆಯಿಂದ ತಿರಸ್ಕೃತವಾಗಿ ಬಂತು. ಆ ಸಾಲಿನ ಮನೆಗಳಿಗೆ ನೆಲಮಟ್ಟದಿಂದ ಇಂತಿಷ್ಟೇ ಎತ್ತರವೆಂಬ ಮಿತಿಯಿದೆ, ನಿಮ್ಮದು ಮೂರು ಅಡಿ ಮೀರಿದೆ ಎಂದರು. ನೆಲಮಟ್ಟ ಎಂದರೆ ಯಾವುದು? ಅವರ ಲೆಕ್ಕದಲ್ಲಿ, ಮನೆಯ ಹಿಂದೆ ಬಾವಿಯಂತಾಗಿದ್ದ ಹಿತ್ತಿಲು. ರಸ್ತೆಯಿಂದ ಅಳೆದರೆ ಮಿತಿಯೊಳಗೇ ಇತ್ತು, ಹಿತ್ತಿಲಿನಿಂದ ಅಳೆದರೆ ತಪ್ಪಾಗುತ್ತಿತ್ತು. ಎದುರಿಗೆ ಆಕಾಶಕ್ಕೆ ಏಣಿ ಹಾಕಿದಂತೆ ಒಂದು ಟವರು ಏಳುತ್ತಲೇ ಇತ್ತು. ಅದಕ್ಕೆ ಬೇರೆ ನಿಯಮವಂತೆ.

ಆಶ್ರಿತಾ ಮೇಲ್ಮನವಿ ಹಾಕುವ ಮುಂಚೆ ಒಂದು ದಾರಿ ತೋರಿಸಿದಳು. "ಆಂಟಿ, ಎರಡೂ ಫ್ಲೋರಲ್ಲಿ ಒಂದೂವರೆ ಅಡಿ ಇಳಿಸಿದ್ರೆ ಈಗಲೇ ಪಾಸ್ ಆಗುತ್ತೆ. ಬಾಗಿಲು ಸ್ವಲ್ಪ ಗಿಡ್ಡ ಆಗುತ್ತೆ, ಅಷ್ಟೆ."

"ಬಾಗಲಾ ಗಿಡ್ಡ ಮಾಡೂದಾದ್ರ ಮನೀನಾ ಬ್ಯಾಡವಾ," ಎಂದಳು ನಾಗವೇಣಿ. "ಗಿಡ್ಡ ಬಾಗಲಾ ನನ್ನ ಹತ್ರ ಐತಿ."

ಆಶ್ರಿತಾ ಮತ್ತೆ ಆ ಮಾತೆತ್ತಲಿಲ್ಲ. ಮೇಲ್ಮನವಿ ಬರೆದಳು, ರಸ್ತೆಯ ಹಳೆಯ ಮಟ್ಟದ ದಾಖಲೆ ಕೊಡಿ ಎಂದು ಅರ್ಜಿಯನ್ನೂ ಹಾಕಿದಳು. ದಾಖಲೆ ಸಿಗುತ್ತಿಲ್ಲ ಎಂಬ ಉತ್ತರ ಬಂತು. ವಿಚಾರಣೆಯ ದಿನ, ನಕ್ಷೆಯನ್ನು ತಿರಸ್ಕರಿಸಿದ್ದ ಇಂಜಿನಿಯರ್ ರಮಾಕಾಂತ ತನ್ನ ಹಿರಿಯ ಅಧಿಕಾರಿಯ ಮುಂದೆ ನೀರು ಕುಡಿದಷ್ಟು ಸಲೀಸಾಗಿ ಹೇಳಿದ: ರಸ್ತೆ ಮೊದಲಿನಿಂದಲೂ ಇಷ್ಟೇ ಎತ್ತರ ಸರ್, ಇವರೇ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು. ನಾಗವೇಣಿಯ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ನೀರು ಬಳಿದವಳು ಅವಳು, ರಸ್ತೆ ಬೆಳೆದದ್ದನ್ನು ಕಣ್ಣಾರೆ ಕಂಡವಳು, ಅವಳ ಮುಂದೆಯೇ ಅವನು ಹಸಿ ಸುಳ್ಳು ಹೇಳುತ್ತಿದ್ದಾನೆ. ಹಿರಿಯ ಅಧಿಕಾರಿ ಕೆಟ್ಟವನೇನಲ್ಲ, ಬೇಸತ್ತವನು. ರಸ್ತೆ ಏರಿದ್ದಕ್ಕೆ ಪುರಾವೆ ಏನಿದೆ ಎಂದು ಕೇಳಿದ. ಆಶ್ರಿತಾ ನೆರೆಯವರ ಹೇಳಿಕೆಗಳನ್ನು ಮುಂದಿಟ್ಟಳು. ಅವು ಸಾಲವು ಎಂದ.

ಮನೆಗೆ ಬನ್ನಿ, ತೋರಿಸುತ್ತೇನೆ ಎಂದು ನಾಗವೇಣಿ ಮರಾಠಿಯಲ್ಲಿ ಹೇಳಿ ಎದ್ದುಬಿಟ್ಟಳು.

ಏನು ತೋರಿಸುತ್ತೀ ಎಂದು ಸಂಗಮೇಶ ದಾರಿಯುದ್ದಕ್ಕೂ ಕೇಳಿದ. ಮನೆ ಮುಟ್ಟಿದ ಮೇಲೆ ಅವಳು ಹೊಸ್ತಿಲು ಒಡೆಯುತ್ತೇನೆ ಎಂದಳು. ಅವನು ಅಲ್ಲೇ ಕೂತುಬಿಟ್ಟ. ಅವ್ವ ಇಷ್ಟು ವರ್ಷ ಕಾಯ್ದ ಕಲ್ಲು, ಇನ್ನೂ ವರ್ಷ ತುಂಬಿಲ್ಲ, ಸಂಸಾರ ಮಾಡುವ ಮನೆಯ ಹೊಸ್ತಿಲಿಗೆ ಹಾರೆ ಹಾಕಿದರೆ ಮನೆತನ ಉಳಿದೀತೇ ಎಂದು ಅಂಗಲಾಚಿದ. ನಾಗವೇಣಿಗೂ ಒಳಗೆ ಅಳುಕಿತ್ತು. ದಿನಾ ಬೆಳಿಗ್ಗೆ ಅದನ್ನು ತೊಳೆದು ಅರಿಶಿನ ಹಚ್ಚಿದ ಕೈ ಅವಳದು. ಆದರೆ ಅದಕ್ಕಿಂತ ದೊಡ್ಡದಾಗಿ ಆ ಟಕ್ಕೆಂಬ ಸದ್ದು ಅವಳ ಕಿವಿಯಲ್ಲಿತ್ತು.

ಅಧಿಕಾರಿ ಬಂದ ದಿನ ಸಾಲಿನವರೆಲ್ಲ ಹೊರಗೆ ನೆರೆದರು. ಅವನು ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಹಿಂದೆ ಬಂದ ರಮಾಕಾಂತ ಬಗ್ಗುವುದನ್ನು ಮರೆತು ಹಣೆ ಬಡಿಸಿಕೊಂಡ. ನಾಗವೇಣಿಗೆ ಒಳಗೊಳಗೇ ಹಿತವೆನಿಸಿತು. ಅವಳು ಹೊಸ್ತಿಲಿಗೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. ಆಮೇಲೆ ಸೆರಗು ಕಟ್ಟಿ ಹಾರೆ ಎತ್ತಿದಳು. ಎರಡು ಏಟಿಗೆ ಮೇಲಿನ ಕಡಪಾ ಕಲ್ಲು ಸೀಳಿತು. ಮೂರನೆಯ ಏಟಿಗೆ ಮೊದಲೇ ಸಂಗಮೇಶ ಬಂದು ಅವಳ ಕೈಯಿಂದ ಹಾರೆ ತೆಗೆದುಕೊಂಡ. ಬೇಡವೆನ್ನಲು ಬಂದನೆಂದು ಅವಳು ತಿಳಿದಳು. ಅವನು ತಾನೇ ಹೊಡೆಯತೊಡಗಿದ, ಕಣ್ಣಿನಿಂದ ನೀರು ಹರಿಯುತ್ತಿತ್ತು.

ಮೇಲಿನ ಕಲ್ಲಿನ ಕೆಳಗೆ ಗರಸು, ಗರಸಿನ ಕೆಳಗೆ ಎರಡನೆಯ ಹೊಸ್ತಿಲು. ಅದನ್ನೂ ಎಬ್ಬಿಸಿ ಅಗೆದಾಗ ಎಲ್ಲಕ್ಕಿಂತ ಕೆಳಗೆ, ರಸ್ತೆಗಿಂತ ಎಷ್ಟೋ ತಗ್ಗಿನಲ್ಲಿ, ಮಾವನ ಕರಿಕಲ್ಲು ಕಂಡಿತು. ಅದರ ಮೂಲೆಯಲ್ಲಿ ಅರಿಶಿನ ಇನ್ನೂ ಹಳದಿಯಾಗಿಯೇ ಇತ್ತು. ಸಂಗಮೇಶ ಕಲ್ಲಿನ ಹೊರಬದಿಯ ಮಣ್ಣನ್ನೂ ತೆಗೆದ. ಅಲ್ಲಿಂದ ಎರಡು ಮೆಟ್ಟಿಲುಗಳು ಇನ್ನೂ ಕೆಳಕ್ಕೆ ಇಳಿದು ಕಾಂಕ್ರೀಟು ರಸ್ತೆಯ ಹೊಟ್ಟೆಯೊಳಗೆ ಹೋಗಿದ್ದವು. ರಸ್ತೆಯ ಬುಡದೊಳಕ್ಕೆ ಯಾರೂ ಮೆಟ್ಟಿಲು ಕಟ್ಟಿಸುವುದಿಲ್ಲ. ಅದನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ರಮಾಕಾಂತ ಹಣೆ ಉಜ್ಜಿಕೊಳ್ಳುತ್ತ ಬೇರೆ ಕಡೆ ನೋಡಿದ.

ಅಧಿಕಾರಿ ಆ ತಗ್ಗಿನೊಳಗೆ ಬಗ್ಗಿ ನೋಡಿ, ರಸ್ತೆ ಏರಿಸುವಾಗಲೇ ನೀವು ದೂರು ಕೊಡಬೇಕಿತ್ತಲ್ಲ ಎಂದ.

ಅಲ್ಲಿಗೆ ನಾಗವೇಣಿಯ ಮರಾಠಿ ಮುಗಿಯಿತು. "ನೀವು ರಸ್ತಾ ಏರಿಸಿದಾಗೆಲ್ಲಾ ನಾವು ನೆಲಾ ಏರಿಸಿದ್ವಿ. ನೆಲಾ ಏರಿಸಿದಾಗೆಲ್ಲಾ ತಲಿ ಬಗ್ಗಿಸಿದ್ವಿ. ಒಂದ್ ದಿನಾನೂ ಯಾಕ್ರೀ ಅನ್ನಲಿಲ್ಲ. ನಮ್ಮ ತಪ್ಪು ಅಂದ್ರ ಅದಾ. ನಮ್ಮತ್ತಿ ಸತ್ತಾಗ ಬಗ್ಗಲಾರದಕ್ಕ ಆಕಿ ತಲಿ ಒಡದ್ವಿ. ಇನ್ನ ಮ್ಯಾಲ ಈ ಮನ್ಯಾಗ ಬದುಕಿದ್ದವ್ರೂ ಬಗ್ಗೂದಿಲ್ಲ, ಸತ್ತವ್ರೂ ಬಗ್ಗೂದಿಲ್ಲ. ರಸ್ತಾದಿಂದ ಅಳೀತೀರೋ ಇಲ್ಲೋ, ಹೇಳಿ ಹೋಗ್ರಿ."

ಆಶ್ರಿತಾ ಅದನ್ನು ಹಿಂದಿಯಲ್ಲಿ, ಇವರಿಗೆ ತುಂಬಾ ತೊಂದರೆಯಾಗಿದೆ ಸರ್ ಎಂದು ಶುರುಮಾಡಿದಳು. ನಾಗವೇಣಿ ತಡೆದಳು. "ಮೆತ್ತಗ ಮಾಡಬ್ಯಾಡ ತಂಗಿ. ನಾ ಹೆಂಗ ಹೇಳೀನಿ, ಹಂಗಾ ಹೇಳು."

ಆಶ್ರಿತಾ ಹಾಗೆಯೇ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿಯೂ ಏರಿತು.

ಮೇಲ್ಮನವಿ ಮಂಜೂರಾಯಿತು, ಎತ್ತರವನ್ನು ರಸ್ತೆಯಿಂದಲೇ ಅಳೆಯಬೇಕೆಂದು ಆದೇಶ ಬಂತು. ಕ್ಷಮೆಯ ಒಂದು ಮಾತೂ ಅದರಲ್ಲಿರಲಿಲ್ಲ. ನಾಗವೇಣಿ ಸಕ್ಕರೆ ಹಂಚಲಿಲ್ಲ. ತನ್ನದೇ ಬಾಗಿಲಿಗೆ ತನ್ನದೇ ಎತ್ತರ ಕೇಳಿ ಪಡೆದದ್ದಕ್ಕೆ ಯಾರಾದರೂ ಸಿಹಿ ಹಂಚುತ್ತಾರೆಯೇ ಎಂದು ಕೇಳಿದವರಿಗೆಲ್ಲ ಹರಿಹಾಯ್ದಳು. ಬೈಗುಳ ಮರಳಿ ಬಂತೆಂದು ರೊಟ್ಟಿಯ ಹುಡುಗರು ಖುಷಿಪಟ್ಟರು.

ಹಳೆಯ ಮನೆ ಬಿತ್ತು, ಹೊಸದರ ಗೋಡೆಗಳೆದ್ದವು. ಕರಿಕಲ್ಲನ್ನು ಮೇಲೆತ್ತಿ ಮತ್ತೆ ಹೊಸ್ತಿಲಾಗಿ ಕೂರಿಸಿದರು. ಬಾಗಿಲಿನ ಎತ್ತರಕ್ಕೆ ರಾಯಚೂರಿನ ಗೌಂಡಿ ಯಂಕಪ್ಪ ಎರಡು ಗೋಡೆಗಳ ನಡುವೆ ದಾರ ಕಟ್ಟಿ, ಇಷ್ಟು ಸಾಕಲ್ಲವೇ ಅಕ್ಕಾರ ಎಂದು ಕೇಳಿದ. ನಾಗವೇಣಿ ನೆರೆಮನೆಯಿಂದ ಒಂದು ಕುರ್ಚಿ ತಂದಿಟ್ಟು, ಗಂಡನಿಗೆ ಕೂರಲು ಹೇಳಿದಳು. ವಿಷಯ ಹೊಳೆದ ಸಂಗಮೇಶ, ಜೀವ ಇರುವ ಮನುಷ್ಯನನ್ನು ಹಾಗೆಲ್ಲ ಕೂರಿಸುತ್ತಾರೆಯೇ, ನಿನಗೆ ತಲೆ ಕೆಟ್ಟಿದೆ ಎಂದು ದೂರ ಸರಿದ.

ಹಾಗಾದರೆ ಎತ್ತಿ ಎಂದು ಅವಳೇ ಕುಳಿತಳು. ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಕತ್ತು ಮೇಲೆ. ಸಂಗಮೇಶ, ಯಂಕಪ್ಪ ಮತ್ತಿಬ್ಬರು ಆಳುಗಳು ಅಳುಕುತ್ತಲೇ ಕುರ್ಚಿಯನ್ನೆತ್ತಿ, ಕರಿಕಲ್ಲು ದಾಟಿಸಿ, ದಾರದ ಕೆಳಗಿನಿಂದ ಅವಳನ್ನು ಹೊರಗೆ ತಂದರು. ದಾರ ಅವಳ ಬೈತಲೆಗೆ ತಾಗಿತೋ ಇಲ್ಲವೋ ಎಂಬಂತೆ ಸರಿದುಹೋಯಿತು. ಹಿಡಿಯಿತಲ್ಲ ಎಂದು ಸಂಗಮೇಶ ಉಸಿರು ಬಿಟ್ಟ.

"ಇಲ್ಲ," ಎಂದಳು ನಾಗವೇಣಿ, ಕುರ್ಚಿಯ ಮೇಲಿಂದಲೇ. "ತಲೀಮ್ಯಾಲ ಹೂ ಇರ್ತಾವ. ಇನ್ನಾ ನಾಕು ಬಟ್ಟು ಮ್ಯಾಲ ಕಟ್ಟು."

ಯಂಕಪ್ಪ ದಾರ ಬಿಚ್ಚಿ ನಾಲ್ಕು ಬೆರಳು ಮೇಲೆ ಕಟ್ಟಿದ.