ಮೂಡು ಬದುವಿನ ಆಳುಗಳು

ಹೆಂಚಿನ ತುಂಡಿನ ಮೇಲೆ ಇಪ್ಪತ್ತು ಬೀಜ. ನಿನ್ನೆ ಸಂಜೆ ಇಟ್ಟದ್ದೂ ಇಪ್ಪತ್ತೇ. ಕಾಮಿ ಎರಡು ಸಲ ಎಣಿಸಿದಳು. ಬೆರಳ ತುದಿಯಿಂದ ಒಂದೊಂದನ್ನೂ ಮುಟ್ಟಿ ನೋಡಿದಳು. ಎಳ್ಳಿಗಿಂತ ಸಣ್ಣ, ಕರ್ರಗೆ ಮಿಂಚುವ ಮುಳ್ಳುಹರಿವೆ ಬೀಜಗಳು ಹಸಿ ಜೇಡಿಯಲ್ಲಿ ಅಂಟಿಸಿದ ಹಾಗೇ ಕೂತಿದ್ದವು. ಒಂದೂ ಒಡೆದಿರಲಿಲ್ಲ.

ಮೂವತ್ತು ವರ್ಷದಲ್ಲಿ ಹೀಗಾದದ್ದೇ ಇಲ್ಲ.

ಮಂಜಗುಣಿಯ ಈ ಗದ್ದೆ ಕಾಮಿಯದಲ್ಲ, ದತ್ತಾ ಒಡೆಯರದು. ಆದರೆ ಅದರ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಶೇಂಗಾ ಚೆನ್ನಾಗಿ ಬರುತ್ತದೆ ಅಂತ ಅವಳ ಅಂಗಾಲಿಗೇ ಗೊತ್ತು. ಮದುವೆಯಾಗಿ ಬಂದ ವರ್ಷ ಅತ್ತೆ ಬೀರಿ ಅವಳನ್ನು ಮೂಡಣ ಬದುವಿಗೆ ಕರೆದುಕೊಂಡು ಹೋಗಿ ಒಣಹುಲ್ಲಿನ ಒಂದು ಹಿಡಿ ಎತ್ತಿ ತೋರಿಸಿದ್ದಳು. ಅಡಿಯಿಂದ ಕಪ್ಪು ಹುಳಗಳು ದಡಬಡ ಓಡಿದ್ದವು. ಹಾರುವ ಹುಳವಲ್ಲ, ಓಡುವ ಹುಳ. ಕತ್ತಲಾದ ಮೇಲೆ ಗದ್ದೆಗೆ ಇಳಿದು, ಉದುರಿದ ಕಳೆಬೀಜವನ್ನು ಸಿಪ್ಪೆ ಬಿಡಿಸಿ ತಿನ್ನುವ ಹುಳ.

"ಇವು ನಮ್ಮ ಆಳ್ಗೋಳು," ಅಂದಿದ್ದಳು ಬೀರಿ. "ಕೂಲಿ ಕೇಳುದಿಲ್ಲ, ಅಂಬ್ಲಿ ಕೇಳುದಿಲ್ಲ. ಈ ಬದು ಕೊಯ್ಬೇಡ, ಸುಡ್ಬೇಡ. ಮತ್ತೆ ಕೇಳು, ಯಾರ ಕೈಲೂ ಇವ್ರ ಸುದ್ದಿ ಹೇಳ್ಬೇಡ. ಬಾಯ್ಬಿಟ್ಟು ಹೊಗಳಿದ್ರೆ ದೃಷ್ಟಿ ಬೀಳ್ತದೆ."

ಕರೆವ ಎಮ್ಮೆ, ಕಾಯಿ ಹಿಡಿದ ಬಳ್ಳಿ, ಮೈಕೈ ತುಂಬಿದ ಕೂಸು, ಯಾವುದನ್ನೂ ಹೊಗಳಬಾರದು ಎನ್ನುವ ಊರು ಅದು. ಕಾಮಿ ಬಾಯಿ ಬಿಡಲಿಲ್ಲ. ಗಂಡನಿಗೂ ಹೇಳಲಿಲ್ಲ, ಮಗ ಸುನೀಲನಿಗೂ ಹೇಳಲಿಲ್ಲ. ವಾರಕ್ಕೊಮ್ಮೆ ಹೆಂಚಿನ ತುಂಡಿನ ಮೇಲೆ ಬೀಜ ಇಟ್ಟು, ಬೆಳಿಗ್ಗೆ ಬರೀ ಸಿಪ್ಪೆ ಉಳಿದಿರುವುದನ್ನು ನೋಡಿ, ಆಳುಗಳು ಕೆಲಸಕ್ಕೆ ಬಂದಿದ್ದಾರೆ ಅಂತ ಮನಸ್ಸಿನಲ್ಲೇ ನಗುತ್ತಿದ್ದಳು, ಅಷ್ಟೇ.

ಭತ್ತದ ಕೊಯ್ಲು ಮುಗಿದ ಮೇಲೆ ಊರವರೆಲ್ಲ ಬದುವಿನ ಹುಲ್ಲು ಕೆತ್ತಿ, ಒಣಎಲೆಯ ದರಕು ಗುಡಿಸಿ, ಮಣ್ಣು ಸೇರಿಸಿ ಸುಡುತ್ತಾರೆ. ತರಕಾರಿ ಮಡಿಗೆ ಆ ಸುಡುಮಣ್ಣಿಗಿಂತ ಒಳ್ಳೆಯ ಗೊಬ್ಬರ ಇಲ್ಲ. ಕಾಮಿಯೂ ಸುಡುತ್ತಿದ್ದಳು, ಮೂಡು ಬದು ಒಂದನ್ನು ಬಿಟ್ಟು. ಅದು ಮಾತ್ರ ಮೊಣಕಾಲೆತ್ತರ ಹುಲ್ಲು ಹೊತ್ತು, ತಲೆ ಬಾಚದ ಹುಚ್ಚಿಯ ಹಾಗೆ ನಿಂತಿರುತ್ತಿತ್ತು.

"ಕಾಮಕ್ಕಂಗೆ ಮೂರು ಬದು ಕೆತ್ತುಕೆ ಮಾತ್ರ ಕೈ ಅದೆ, ನಾಲ್ಕನೇದ್ಕೆ ಮುಗೀತದೆ," ಅಂತ ಪಕ್ಕದ ಮನೆಯ ಸುಕ್ರಿ ಬಾವಿಕಟ್ಟೆಯಲ್ಲಿ ಕೂತು ನಗಾಡುತ್ತಿದ್ದಳು. ಕಾಮಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕೇಳಿ ಕೇಳಿ ಉರಿಯುತ್ತಿದ್ದದ್ದು ಸೊಸೆ ಯೋಗಿತಾಳಿಗೆ.

ಈ ವರ್ಷ ಗದ್ದೆಯ ಮಾತು ಬೇರೆಯೇ ಆಗಿತ್ತು. ಪಕ್ಕದ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದು ಮುಳ್ಳುಹರಿವೆಯ ಕಾಡಾಗಿ, ಕೊನೆಗೆ ಶೀಗಡಿ ಸಾಕುವ ಕೆರೆಯವರ ಪಾಲಾಗಿತ್ತು. ದತ್ತಾ ಒಡೆಯರು ಬೈತಖೋಲ ಬಂದರಿನಲ್ಲಿ ಮೀನು ವ್ಯಾಪಾರ ಮಾಡುವವರು. ಕೊಯ್ಲಿನ ದಿನ ಬಂದು ಹೇಳಿಯೇ ಹೋಗಿದ್ದರು.

"ಹೇ ಕಾಮೀ ಗೋ, ತಮ್ಮ ನನ್ನ ತಲೆ ತಿಂತಾ ಇದ್ದಾನೆ, ಇದನ್ನೂ ಶೀಗಡಿಗೆ ಕೊಡುವಾ ಅಂತ. ಬೆಳೆ ಇದ್ರೆ ನಾನು ಅವನ ಬಾಯಿ ಮುಚ್ಚಿಸ್ತೇನೆ. ಗದ್ದೆ ತುಂಬಾ ಕಳೆ ಕಂಡ್ರೆ ಮಾತ್ರ ನನ್ನ ಹತ್ರ ಮಾತಿಲ್ಲ ನೋಡು."

ಕಾಮಿ ಹೆದರಿರಲಿಲ್ಲ. ಅವಳ ಮೊಣಕಾಲು ಕೂತು ಕಳೆ ಕೀಳಲು ಬಿಡುತ್ತಿರಲಿಲ್ಲ, ನಿಜ. ಆದರೆ ಆಳುಗಳಿದ್ದರಲ್ಲ. ಆ ಧೈರ್ಯದಲ್ಲೇ ಅವಳು ಕಾಲಿಗೆ ಔಷಧ ಮಾಡಿಸಲು ಮಲ್ಲಾಪುರದ ಮಗಳ ಮನೆಗೆ ಹೋಗಿ ಎಂಟು ದಿನ ಇದ್ದು ಬಂದಳು.

ಬಂದ ದಿನ ಯೋಗಿತಾ ಅಂಗಳದಲ್ಲೇ ಕಾಯುತ್ತಿದ್ದಳು. "ಅತ್ತೇ, ಚಾ ಆಮೇಲೆ. ಮೊದ್ಲು ಗದ್ದಿಗೆ ಬನ್ನಿ."

ಮೂಡು ಬದು ಇರಲಿಲ್ಲ. ಅಲ್ಲಿ ಉದ್ದಕ್ಕೆ ಒಂದು ಕಪ್ಪು ಗೆರೆ ಇತ್ತು. ಬೂದಿ ಇನ್ನೂ ಬೆಚ್ಚಗಿತ್ತು.

"ಒಬ್ಳೇ ಕೆತ್ತಿ ಸುಟ್ಟೆ. ಹನ್ನೆರಡು ಬುಟ್ಟಿ ಸುಡುಮಣ್ಣು ಆಯ್ತು! ಇನ್ನು ಸುಕ್ರಿ ಎಂತಾ ಹೇಳ್ತಾಳೆ ಕಾಣ್ತೆ." ಯೋಗಿತಾಳ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಕಾಮಿ ಆ ಅಂಗೈ ನೋಡಿದಳು. "ಚಂದ ಆಯ್ದು ಮಗಾ," ಅಂದಳು. ಬೇರೆ ಎಂತ ಹೇಳುವುದು? ಸಂಜೆ ಒಬ್ಬಳೇ ಹೋಗಿ ಹೆಂಚಿನ ತುಂಡು ಇಟ್ಟು ಬಂದಳು.

ಮರುದಿನ ಇಪ್ಪತ್ತು. ಅದರ ಮರುದಿನವೂ ಇಪ್ಪತ್ತು. ಮೂರನೆಯ ದಿನ ಹದಿನೆಂಟು ಆದಾಗ ಅವಳು ಆಸೆಯಿಂದ ಬಗ್ಗಿದಳು. ನೋಡಿದರೆ ಎರಡನ್ನು ಇರುವೆ ಹೊತ್ತುಕೊಂಡು ಸಾಲಿನಲ್ಲಿ ಹೋಗುತ್ತಿತ್ತು. ಐದನೆಯ ದಿನಕ್ಕೆ, ಕೊಯ್ಲಿನ ಮೇಲೆ ಬಿತ್ತಿದ ಶೇಂಗಾ ಸಾಲಿನ ನಡುವೆ ಹಸಿರು ಪಾಚಿಯಂಥದ್ದು ಕಾಣಿಸಿತು. ಬಗ್ಗಿ ನೋಡಿದಳು. ಪಾಚಿಯಲ್ಲ, ಮುಳ್ಳುಹರಿವೆಯ ಎರಡೆಲೆ ಮೊಳಕೆ, ಸಾಸಿವೆ ಚೆಲ್ಲಿದ ಹಾಗೆ ಗದ್ದೆ ತುಂಬಾ. ಎರಡು ವಾರ ಬಿಟ್ಟರೆ ಶೇಂಗಾ ಕಾಣಿಸುವುದಿಲ್ಲ. ಪಕ್ಕದ ಹಡಿಲಿನಲ್ಲಿ ಆವತ್ತೇ ಹಳದಿ ಜೆಸಿಬಿ ಬಂದು ನಿಂತಿತು.

ಬೈತಖೋಲದಲ್ಲಿ ಲೋಡಿಂಗಿಗೆ ಹೋಗುವ ಸುನೀಲ ಫೋನು ಮಾಡಿದ. "ಅವ್ವೀ, ಒಡೆಯರು ಶುಕ್ರವಾರ ಗದ್ದೆ ಕಾಣುಕೆ ಬತ್ತಾರಂತೆ. ಸಂಗ್ತಿಗೆ ಕೆರೆಯವ್ನೂ ಬತ್ತಾನಂತೆ."

ಫೋನು ಇಟ್ಟ ಕಾಮಿ ಸೊಸೆಯನ್ನು ಕರೆದು, ಮೂವತ್ತು ವರ್ಷ ಗಂಟಲಲ್ಲೇ ಇಟ್ಟುಕೊಂಡದ್ದನ್ನು ಪೂರ್ತಿ ಹೇಳಿದಳು.

ಯೋಗಿತಾ ಅಳುತ್ತಾಳೆ ಅಂದುಕೊಂಡಿದ್ದಳು. ಯೋಗಿತಾ ಸಿಟ್ಟಾದಳು.

"ಮೂರು ವರ್ಷ ಆಯ್ತು ಈ ಮನೆಗೆ ಬಂದು. ಒಂದು ಮಾತು ಹೇಳುಕೆ ಎಂತಾ ಆಗಿತ್ತು ನಿಮ್ಗೆ? ಬೊಬ್ಬೆ ಬರ್ಸ್ಕಂಡು ನಮ್ದೇ ಆಳ್ಗೋಳ ಸುಟ್ನಲ್ಲ ಅತ್ತೇ!"

"ದೃಷ್ಟಿ ಬೀಳ್ತದೆ ಅಂದ್ಹೇಳಿ..."

"ಬಿತ್ತಲ್ಲ ಈಗ, ಹೇಳ್ದೇನೇ ಬಿತ್ತು!" ಅವಳು ಮೂಗು ಒರೆಸಿಕೊಂಡಳು. "ಮತ್ತೆಲ್ಲಿ ಅವೆ ಅವು?"

ಕಾಮಿ ಬೆರಳು ತೋರಿಸಿದ್ದು ಪಕ್ಕದ ಹಡಿಲಿನ ಕಡೆಗೆ, ಜೆಸಿಬಿ ನಿಂತ ಜಾಗದ ಬುಡಕ್ಕೆ. ಯಾರೂ ಕೆತ್ತದ, ಯಾರೂ ಸುಡದ ಬದು ಇಡೀ ಬಯಲಿನಲ್ಲಿ ಈಗ ಅದೊಂದೇ.

ಎರಡು ಮುಂಜಾನೆ ಅತ್ತೆ ಸೊಸೆ ಅಲ್ಲಿ ಗುದ್ದಲಿ ಹಾಕಿದರು. ಹುಲ್ಲನ್ನು ಬೇರು ಮಣ್ಣು ಸಮೇತ ಹೆಂಟೆಯಾಗಿ ಎಬ್ಬಿಸಿ, ಹುಳ ಓಡದಂತೆ ಗೋಣಿ ಮುಚ್ಚಿ, ಬುಟ್ಟಿಯಲ್ಲಿ ಹೊತ್ತು ತಂದು ಸುಟ್ಟ ಬದುವಿನ ಮೇಲೆ ಸಾಲಾಗಿ ಕೂರಿಸಿ ನೀರು ಚಿಮುಕಿಸಿದರು. ಸುಕ್ರಿ ಕೊಡ ಹಿಡಿದು ನಿಂತು ನೋಡಿದಳು. "ಎಂತದೇ ಇದು? ಸುಟ್ಟ ಹುಲ್ಲಿಗೆ ಬದ್ಲಿ ಹುಲ್ಲು ತಂದು ನೆಡುದಾ?" ಈ ಸಲ ಅವಳು ನಗಲಿಲ್ಲ. ಕಾಮಿಯ ಮುಖ ಹಾಗಿತ್ತು.

ಶುಕ್ರವಾರ ಬೆಳಿಗ್ಗೆ ದತ್ತಾ ಒಡೆಯರು ಬಂದರು. ಜೊತೆಗೆ ಬಂದ ಕೆರೆಯವನು ಗಡಿ ಗುರುತಿಗೆ ಕೆಂಪು ಬಟ್ಟೆ ಕಟ್ಟಿದ ಬಿದಿರಿನ ಗೂಟವೊಂದನ್ನು ಮೂಡು ಬದುವಿಗೆ, ಹೊಸ ಹೆಂಟೆಗಳ ನಡುವೆ, ಕುಟ್ಟಿ ನಿಲ್ಲಿಸಿದ. ಒಡೆಯರು ಹಸಿರು ಮೊಳಕೆಯನ್ನು ಚಪ್ಪಲಿಯ ತುದಿಯಿಂದ ಕೆದಕಿದರು.

"ಕಾಮೀ, ಇದೆಂತ ಗೋ? ನಿನ್ನ ಗದ್ದೆಲಿ ಇದನ್ನ ನಾನು ಕಂಡದ್ದೇ ಇಲ್ಲ."

ಕಾಮಿ ಕಷ್ಟಪಟ್ಟು ಮೊಣಕಾಲೂರಿ ಹೆಂಚಿನ ತುಂಡು ಎತ್ತಿ ಅವರ ಮುಂದೆ ಹಿಡಿದಳು. ಹದಿನೇಳು ಬೀಜ. ಮೂರು ಸಿಪ್ಪೆ, ನಡುವೆ ಸೀಳಿದ, ಟೊಳ್ಳು ಸಿಪ್ಪೆ.

"ನನ್ನ ಆಳ್ಗೋಳು ಬಂದಾರೆ ಒಡೆಯಾ. ಎದ್ದ ಕಳೆ ನಾವಿಬ್ರೂ ಕೀಳ್ತೇವು. ಉದ್ರಿದ್ದ ಅವು ತಿಂತವೆ. ಅಮಾಸಿವರೆಗೆ ಬಿಡಿ."

ಒಡೆಯರು ಸಿಪ್ಪೆಯನ್ನು ನೋಡಿದರು, ಅವಳ ಕಾಲನ್ನು ನೋಡಿದರು, ಕೆರೆಯವನ ಕಡೆ ನೋಡಲಿಲ್ಲ. "ಅಮಾಸೆ. ಅದರ ಮೇಲೆ ಒಂದು ದಿನ ಇಲ್ಲ," ಅಂದರು. ಗೂಟವನ್ನು ಮಾತ್ರ ಕೀಳಿಸಲಿಲ್ಲ.

ಅವರು ದಾರಿ ಮುಟ್ಟುವ ಮೊದಲೇ ಜೆಸಿಬಿ ಶುರುವಾಯಿತು. ಕಾಲಡಿಯ ನೆಲ ನಡುಗಿತು. ಹಡಿಲಿನ ಬದು ಒಂದೇ ಏಟಿಗೆ ಮಗುಚಿತು, ಅದರ ಹೊಟ್ಟೆಯಿಂದ ಕಪ್ಪು ಹುಳಗಳು ಬೆಳಕಿಗೆ ಬಿದ್ದು ದಿಕ್ಕು ಕಾಣದೆ ಓಡಿದವು. ಕೆಲವು ಅಗೆದ ಗುಂಡಿಗೆ ಓಡಿದವು, ಕೆಲವು ಚಕ್ರದ ಅಡಿಗೆ. ನಾಲ್ಕೈದು ಇತ್ತ ಬಂದವು. ಗುಂಡಿಯ ತಳದಲ್ಲಿ ಆಗಲೇ ಹೊಳೆಯ ಉಪ್ಪುನೀರು ಜಿನುಗುತ್ತಿತ್ತು. ಅದು ಇತ್ತಲೇ, ತನ್ನ ಗದ್ದೆಗೇ ಹರಿಯುತ್ತದೆ ಅನ್ನುವುದು ಕಾಮಿಯ ಅಂಗಾಲಿಗೆ ಗೊತ್ತಿತ್ತು.

ಬೇಲಿಯಾಚೆ ಸುಕ್ರಿ ಕೂಗಿದಳು, "ಅದೆಂತಾ ಹುಳವೇ ಕಾಮಕ್ಕಾ?"

ಯೋಗಿತಾ ಅತ್ತೆಯ ಮುಖ ನೋಡಿದಳು. ಕಾಮಿ ಗೂಟದ ಬುಡಕ್ಕೆ ಇನ್ನೊಂದು ಹೆಂಟೆ ಒತ್ತಿ ಕೂರಿಸುತ್ತಾ, ತಲೆ ಎತ್ತದೆ ಅಂದಳು:

"ಹೇಳೇ. ಮುಂದಿನ ವರ್ಷ ಅವ್ಳು ಬದು ಸುಡುಕೆ ಮೊದ್ಲು ಹೇಳು."