ಮೌನ ಮುಗಿದ ಮೇಲೂ ನಿಂತಿದ್ದ ನೀಲಮ್ಮನವರು

೧೯೫೮ರಲ್ಲಿ ನಾನು ಶಿಕಾರಿಪುರದ ಮಹಿಳಾ ಸಮಾಜದ ಗೌರವ ಕಾರ್ಯದರ್ಶಿಯಾಗಿದ್ದೆ. ನಮ್ಮವರಿಗೆ ಸರ್ವೆ ಇಲಾಖೆಯಲ್ಲಿ ಕೆಲಸ. ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಮನೆ, ಅಡಿಗೆ, ಇಬ್ಬರು ಹೆಣ್ಣುಮಕ್ಕಳು, ಅದರ ಮೇಲೆ ಈ ಸಮಾಜ. ನನಗಿದ್ದ ಅರ್ಹತೆ ಒಂದೇ. ಮೈಸೂರಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ಬೆರಳಿನ ಗಿಣ್ಣಿಗೆ ಅಡಿಪಟ್ಟಿಯಿಂದ ಹೊಡೆದು ಕಲಿಸಿದ ದುಂಡು ಅಕ್ಷರ. ಅಲ್ಲಿ ಕನ್ನಡ ಹೇಳಿಕೊಡುತ್ತಿದ್ದ ಪಂಡಿತರಿಂದ ಕನ್ನಡದ ಅಕ್ಷರವೂ ಅಷ್ಟೇ ದುಂಡಗಾಗಿತ್ತು.

ಸಮಾಜದಲ್ಲಿ ಇಪ್ಪತ್ತೆರಡು ಜನ ಸದಸ್ಯೆಯರು, ಎರಡು ಹೊಲಿಗೆ ಯಂತ್ರ. ಪಂಪಣ್ಣನವರ ಜವಳಿ ಅಂಗಡಿಯ ಮಹಡಿಯ ಮೇಲೆ ಅವರೇ ಬಿಟ್ಟುಕೊಟ್ಟ ಒಂದು ಕೋಣೆ. ಕಾರ್ಯದರ್ಶಿಯೆಂದರೆ ನಡಾವಳಿ ಪುಸ್ತಕ ಬರೆಯುವುದಷ್ಟೇ ಅಲ್ಲ. ವರ್ಗವಾಗಿ ಹೋಗುವ ಅಧಿಕಾರಿಗೆ ಮಾನಪತ್ರ, ನಲ್ಲಿ ನೀರಿಗೆ ಅರ್ಜಿ, ಯಾರಾದರೂ ಹಿರಿಯರು ತೀರಿಕೊಂಡರೆ ಸಂತಾಪ ಸೂಚನೆ, ಎಲ್ಲವನ್ನೂ ಊರಿನವರು ನನ್ನ ಹತ್ತಿರವೇ ತರುತ್ತಿದ್ದರು. ಎರಡು ವರ್ಷದಲ್ಲಿ ಏಳು ಸಂತಾಪ ಸೂಚನೆ ಬರೆದಿದ್ದೆ. ಏಳರಲ್ಲೂ "ತುಂಬಲಾರದ ನಷ್ಟ" ಎಂಬ ಮಾತಿತ್ತು. ಎಂಟನೆಯದು ಚನ್ನವೀರ ಪೈಲ್ವಾನರದು.

ಪೈಲ್ವಾನರ ಹೆಸರು ಶಿಕಾರಿಪುರ, ಸೊರಬ ಎರಡು ತಾಲ್ಲೂಕಿನಲ್ಲೂ ಗೊತ್ತಿಲ್ಲದವರಿರಲಿಲ್ಲ. ಬೆಳ್ಳಿಯ ಗದೆ ಗೆದ್ದವರು. ಆನವಟ್ಟಿಯಲ್ಲಿ ಉತ್ತರದ ಕಡೆಯ ಹೆಸರಾಂತ ಪೈಲ್ವಾನನೊಬ್ಬನನ್ನು ಇಪ್ಪತ್ತೆರಡು ನಿಮಿಷ ಹಿಡಿದು ಚಿತ್ ಮಾಡಿದ್ದರು, ಅಂದರೆ ಬೆನ್ನು ಮಣ್ಣಿಗೆ ತಾಗಿಸಿ ಕೆಡವಿದ್ದರು. ಆ ಕುಸ್ತಿ ನಡೆದು ಒಂಬತ್ತು ವರ್ಷವಾಗಿದ್ದರೂ ಕ್ಷೌರದ ಅಂಗಡಿಯಲ್ಲಿ ಅದು ನಿನ್ನೆ ನಡೆದ ಹಾಗೇ ಇರುತ್ತಿತ್ತು. ನನಗೂ ಅವರ ಬಗ್ಗೆ ಒಳ್ಳೆಯ ನೆನಪೇ. ಸಮಾಜಕ್ಕೆ ಹೊಲಿಗೆ ಯಂತ್ರ ಬಂದ ದಿನ, ಅದರ ಕಬ್ಬಿಣದ ಕಾಲುಗಳ ಸಮೇತ ಒಬ್ಬರೇ ಎತ್ತಿ, ಆ ಇಕ್ಕಟ್ಟಾದ ಮೆಟ್ಟಿಲು ಹತ್ತಿ ತಂದಿಟ್ಟು, "ಎಲ್ಲಿ ಇಡಲಿ ತಾಯಿ?" ಎಂದು ಕೇಳಿದ್ದರು. ಗೋಡೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಒಂದು ಬೆಳಿಗ್ಗೆ ಗರಡಿಮನೆಯಲ್ಲಿ ಹುಡುಗರಿಗೆ ಪಟ್ಟು ತೋರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ನಲವತ್ತಾರು ವರ್ಷ. ಅಂಗಡಿ ಮುಂಗಟ್ಟು ತಾವಾಗಿಯೇ ಮುಚ್ಚಿದವು. ಮಣ್ಣು ಮಾಡುವಾಗ ಗರಡಿಯ ಕೆಮ್ಮಣ್ಣನ್ನೇ ಬುಟ್ಟಿಯಲ್ಲಿ ತಂದು ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿದರಂತೆ. ಕೇಳಿ ನಾನೂ ಅತ್ತೆ.

ಮೂರನೆಯ ದಿನ ಪಂಪಣ್ಣನವರು ಇಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹನ್ನೊಂದನೆಯ ದಿನ ಗರಡಿಯ ಅಂಗಳದಲ್ಲಿ ಶ್ರದ್ಧಾಂಜಲಿ ಸಭೆ, ಅವರೇ ಅಧ್ಯಕ್ಷರು. ಪೈಲ್ವಾನರ ಹೆಂಡತಿ ನೀಲಮ್ಮನವರನ್ನು ವೇದಿಕೆಯ ಮೇಲೆ ಕೂರಿಸಬೇಕು, ಅವರ ಪರವಾಗಿ ನಾಲ್ಕು ಮಾತನ್ನು ನಾನು ಬರೆದು ಓದಬೇಕು.

"ಹೆಣ್ಣುಮಕ್ಕಳ ಪರವಾಗಿ ಹೆಣ್ಣುಮಗಳೇ ಓದಿದ್ರೆ ಚೆಂದ ನೋಡ್ರಿ ಅಮ್ಮಾರೆ," ಎಂದರು ಪಂಪಣ್ಣನವರು. ಬರೆಯಬೇಕಾದ ವಿಷಯಗಳನ್ನು ಬೆರಳು ಮಡಿಸುತ್ತಾ ಹೇಳಿದರು. ಗೆದ್ದ ಕುಸ್ತಿಗಳು, ಗದೆ, ಸಂಸಾರದಲ್ಲಿ ದೇವರಂಥ ಮನುಷ್ಯ. ಕೊನೆಯ ಬೆರಳು ಮಡಿಸಿ, "ಮಗಳು ಶಾಂತನ್ನ ನಮ್ಮ ರುದ್ರಗೆ ಕೊಡಾದು ಅಂತ ಪೈಲ್ವಾನ್ರ ಮನಸಿನಾಗಿತ್ತು. ನೀಲಮ್ಮಾರು ಅದನ್ನ ನಡೆಸಿಕೊಡ್ತಾರೆ ಅಂತ ಒಂದು ಮಾತು ಸೇರಿಸಿಬಿಡ್ರಿ. ಸಾವಿರ ಜನದ ಮುಂದೆ ಬಂದ್ರೆ ಗಟ್ಟಿ ಆಗ್ತದೆ," ಎಂದರು.

ರುದ್ರ ಪಂಪಣ್ಣನವರ ಅಣ್ಣನ ಮಗ, ಪೈಲ್ವಾನರ ಪಟ್ಟಶಿಷ್ಯ, ಇಪ್ಪತ್ತನಾಲ್ಕರ ಆಳು. ಶಾಂತಳಿಗೆ ಹದಿನೇಳು, ನಮ್ಮ ಸಮಾಜಕ್ಕೆ ಹೊಲಿಗೆ ಕಲಿಯಲು ಬರುತ್ತಿದ್ದಳು. ನಾನು ತಲೆಯಾಡಿಸಿ, ನಾಲ್ಕನೆಯದೆಂದು ನಂಬರು ಹಾಕಿ ಅದನ್ನೂ ಬರೆದುಕೊಂಡೆ.

ವಿವರ ಕೇಳಲು ಮರುದಿನ ನೀಲಮ್ಮನವರ ಮನೆಗೆ ಹೋದೆ. ಕಂಬಳಿಯ ಮೇಲೆ, ಎಡಭುಜವನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಶಾಂತ ನೀರು ತಂದವಳು ತಾಯಿಯ ಎಡಕ್ಕಿದ್ದ ಬಾಗಿಲಿನಿಂದ ಬಂದು, ಕೋಣೆಯನ್ನು ಪೂರ್ತಿ ಸುತ್ತಿ, ಬಲಗಡೆಗೆ ಹೋಗಿ ಬಗ್ಗಿ, "ಅವ್ವಾ, ಸಮಾಜದ ಅಕ್ಕಾರು ಬಂದಾರೆ," ಎಂದಳು. ನಡೆನಡೆದು ರೂಢಿಯಾದ ದಾರಿ ಅದು. ನೀಲಮ್ಮನವರಿಗೆ ಕಿವಿ ಮಂದವೆಂದು ಕೇಳಿದ್ದೆ. ಚಿಕ್ಕಂದಿನಲ್ಲಿ ಕಿವಿ ಸೋರಿ ಹಾಗಾದದ್ದು ಎಂದು ಊರು ಹೇಳುತ್ತಿತ್ತು.

ನಾನೂ ಬಲಗಡೆಗೆ ಹೋಗಿ ಕೂತು, ಆನವಟ್ಟಿ ಕುಸ್ತಿ ಯಾವ ತಿಂಗಳು ಎಂದು ಕೇಳಿದೆ.

"ಅದನ್ನ ಮರೀತೀನೇನ್ರೀ ಅಕ್ಕಾರೆ," ಎಂದರು. "ನನ್ನ ತವರೂರು ಆನವಟ್ಟಿ. ಶಾಂತನ್ನ ಕರಕೊಂಡು ಅಲ್ಲೇ ಇದ್ದೆ. ಗೆದ್ದ್ರು ಅಂತ ಹಲಗಿ ಬಾರಿಸಿಕೊಂತ ಹೆಗಲ ಮ್ಯಾಲೆ ಹೊತ್ತು ತಂದ್ರು. ಹುಡುಗಿಗೆ ಜ್ವರ, ತೊಡಿ ಮ್ಯಾಲೆ ಮಲಗಿತ್ತು. ಆರತಿ ತಗೊಂಡು ಬಾಗಿಲಿಗೆ ಹೋಗಾದು ಚೂರು ತಡ ಆತು. ಅಷ್ಟು ಜನದ ಮುಂದೆ ಕಾಯಿಸಿದಿ ಅಂತ, ಜನ ಹೋದ ಮ್ಯಾಲೆ ಒಂದು ಕೊಟ್ಟ್ರು. ಒಂದೇ. ಪೈಲ್ವಾನ್ರ ಕೈ ಅಲ್ಲೇನ್ರೀ. ಅವತ್ತಿಂದ ಈ ಎಡಗಿವಿಯಾಗೆ ಬರೇ ಹಲಗಿ ಸಪ್ಪಳ. ಬಲಗಿವಿನೂ ಆಮ್ಯಾಲೆ ಮಂದ ಆತು, ಸ್ವಲ್ಪ ಸ್ವಲ್ಪ."

ಅವರು ಅಳಲಿಲ್ಲ. ಸೆರಗಿನ ಅಂಚಿನಲ್ಲಿದ್ದ ಒಂದು ನೂಲನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

"ಗೆದ್ದದ್ದು ಬರೀರಿ. ಸುಳ್ಳಲ್ಲ, ಗೆದ್ದಾರೆ. ದೇವರಂಥಾರು ಅಂತ ಬೇಕಾದ್ರೂ ಬರೀರಿ. ನನ್ನ ಕಿವಿ ತಿರುಗಿ ಬರಾದಿಲ್ಲ. ಆದ್ರೆ ಶಾಂತನ ಮಾತು ಓದಬ್ಯಾಡ್ರಿ. ಆ ರುದ್ರ ತಂಗಿಗೆ ನಲ್ಲಿ ಹತ್ರ ಹೊಡೆದದ್ದು ನಾನು ನೋಡೀನಿ. ಕೈ ಎತ್ತಾದು ಸೈತ ಗುರುವಿನ ಹಂಗೇ."

"ನೀವೇ ಪಂಪಣ್ಣನವರಿಗೆ ಹೇಳಬಹುದಲ್ಲಾ?"

"ಹೇಳೀನ್ರೀ. ಸತ್ತೋರ ಮಾತು ಮುರೀಬಾರದು ಅಂದ್ರು. ಸಾವಿರ ಜನದ ಮುಂದೆ ಒಮ್ಮೆ ಓದಿಬಿಟ್ರೆ ಹಿಂದಕ್ಕೆ ತಗೊಳ್ಳಾಕೆ ನಾನ್ಯಾರು?"

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ನಕ್ಷೆಯಿಂದ ತಲೆಯೆತ್ತದೆ, "ಸತ್ತವರ ಬಗ್ಗೆ ಒಳ್ಳೆಯದೇ ಆಡಬೇಕು ಕಣೆ. ಅದೂ ಅಲ್ಲದೆ ನಾವು ಹೊರಗಿನಿಂದ ಬಂದವರು," ಎಂದರು. ಸಿಸ್ಟರುಗಳೂ ನನಗೆ ಅದನ್ನೇ ಕಲಿಸಿದ್ದರು. ಮಾರನೆಯ ದಿನ ಅಂಗಡಿಗೆ ಹೋಗಿ, ಮದುವೆಯ ಮಾತು ಸಭೆಯಲ್ಲಿ ಬೇಡವೇನೋ ಎಂದೆ. ಪಂಪಣ್ಣನವರು ಗಿರಾಕಿಗೆ ಸೀರೆ ಹರಡುತ್ತಿದ್ದವರು, "ಅಮ್ಮಾರೆ, ನೀವು ಅಕ್ಷರ ಚೆಂದ ಬರೀತೀರಿ, ಅಷ್ಟು ಬರೀರಿ ಸಾಕು," ಎಂದು ನಕ್ಕರು. ಆಮೇಲೆ ಸಮಾಜದ ಕೋಣೆಯಿದ್ದ ಮಹಡಿಯ ಕಡೆ ಒಮ್ಮೆ ನೋಡಿದರು.

ನಾನು ಬರೆದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾಲ್ಕನೆಯ ಅಂಶವನ್ನೂ, "ದಿವಂಗತರ ಇಚ್ಛೆಯಂತೆ" ಎಂದು ಶುರುಮಾಡಿ, ದುಂಡಾಗಿ ಬರೆದೆ. ಓದುವಾಗ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಧೈರ್ಯವಿಲ್ಲದವರು ಸಾಮಾನ್ಯವಾಗಿ ಹೀಗೆಯೇ ಮುಂದಕ್ಕೆ ಹಾಕುತ್ತಾರೆ.

ಸಭೆ ಮಧ್ಯಾಹ್ನ ನಾಲ್ಕಕ್ಕೆ. ಸೊರಬದಿಂದ ಒಂದು ಲಾರಿ ತುಂಬ ಜನ ಬಂದಿದ್ದರು. ಮೇಜಿನ ಮೇಲೆ ಪೈಲ್ವಾನರ ಚಿತ್ರಪಟ, ಅದರ ಮುಂದೆ ಗದೆ, ಪಕ್ಕದಲ್ಲಿ ಕಾವಲಿಗೆಂಬಂತೆ ರುದ್ರ. ನೀಲಮ್ಮನವರ ಕುರ್ಚಿಯನ್ನು ವೇದಿಕೆಯ ಬಲತುದಿಗೆ ಹಾಕಿದ್ದರು, ಮೈಕು ಎಡತುದಿಯಲ್ಲಿ. ಅವರಿಗೆ ಭಾಷಣ ಕೇಳಿಸುವುದಿಲ್ಲವೆಂದು ತಿಳಿದು ನಾನು ಮೊದಲೇ ಹೇಳಿದ್ದೆ: "ಮೌನಾಚರಣೆಗೆ ಏಳಬೇಕಾದಾಗ ಮೊಣಕೈ ಮುಟ್ಟುತ್ತೇನೆ. ಕೂರಬೇಕಾದಾಗ ಮತ್ತೆ ಮುಟ್ಟುತ್ತೇನೆ."

ಮೂವರು ಮಾತಾಡಿದರು. ಸೊರಬದಿಂದ ಬಂದ ಒಬ್ಬರು, "ಕಣದಾಗೆ ಹುಲಿ, ಮನೆಯಾಗೆ ಹಸು. ಹೆಂಡ್ತಿನ ಹೂವಿನ ಹಂಗೆ ನೋಡಿಕೊಂಡೋರು," ಎಂದರು. ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಲ್ಲಿ ಯಾರೂ ಕೈ ತಟ್ಟಲಿಲ್ಲ; ಎಲ್ಲರೂ ತಮ್ಮ ತಮ್ಮ ಕಾಲುಂಗುರ ನೋಡಿಕೊಂಡರು. ಆಗ ನನಗೆ ಹೊಳೆಯಿತು, ಕಿವಿ ಸೋರಿದ ಕಥೆಯನ್ನು ಊರಿನಲ್ಲಿ ಯಾರೂ ನಂಬಿರಲಿಲ್ಲ.

ಮುಂದೆ ಒಂದು ನಿಮಿಷದ ಮೌನ, ಅದಾದ ಮೇಲೆ ನನ್ನ ಓದು. ನೀಲಮ್ಮನವರ ಮೊಣಕೈ ಮುಟ್ಟಿ ಎಬ್ಬಿಸಿದೆ. ಅವರು ಸೆರಗು ಹೊದ್ದು ಕಣ್ಣು ಮುಚ್ಚಿ ನಿಂತರು. ನಾನು ಮೈಕಿನ ಹತ್ತಿರ ಹೋಗಿ ಗಡಿಯಾರ ನೋಡುತ್ತಾ ನಿಂತೆ. ನಿಮಿಷವಾಯಿತು. "ಎಲ್ಲರೂ ಕುಳಿತುಕೊಳ್ಳಬೇಕು," ಎಂದೆ. ಸಾವಿರ ಜನ ಕೂತರು. ಕೈಯಲ್ಲಿ ಕಾಗದ, ಕಣ್ಣೆಲ್ಲ ನಾಲ್ಕನೆಯ ಅಂಶದ ಮೇಲೆ. ಮೊಣಕೈ ಮುಟ್ಟುವುದನ್ನು ನಾನು ಮರೆತೇಬಿಟ್ಟಿದ್ದೆ.

ಓದಲು ತಲೆಯೆತ್ತಿದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ವೇದಿಕೆಯ ಆ ತುದಿಯಲ್ಲಿ ನೀಲಮ್ಮನವರು ಹಾಗೇ ನಿಂತಿದ್ದರು, ಕಣ್ಣು ಮುಚ್ಚಿ, ಕೈಮುಗಿದು. ಪಂಪಣ್ಣನವರು "ಕೂತ್ಕೊಳ್ರಿ, ಕೂತ್ಕೊಳ್ರಿ" ಎಂದು ಪಿಸುಗುಟ್ಟಿದರು. ಅವರು ಕೂತಿದ್ದುದು ನೀಲಮ್ಮನವರ ಎಡಕ್ಕೆ. ಮೌನಾಚರಣೆಯಲ್ಲಿ ಕೆಮ್ಮಿದ್ದವರು, ಮಿಸುಕಾಡಿದ್ದವರು ಈಗ ಉಸಿರಾಡುತ್ತಲೂ ಇರಲಿಲ್ಲ. ನನ್ನ ಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ದಾಟಿತು. ಹೋಗಿ ಮುಟ್ಟಬೇಕೆಂದು ಗೊತ್ತಿದ್ದರೂ ನಾನು ಮೈಕಿನ ಹತ್ತಿರವೇ ನಿಂತಿದ್ದೆ.

ಕೊನೆಗೆ ಹೆಂಗಸರ ಸಾಲಿನಿಂದ ಶಾಂತ ಎದ್ದಳು. ವೇದಿಕೆ ಹತ್ತಿ, ತಾಯಿಯ ಹಿಂದಿನಿಂದ ಸುತ್ತಿ, ಬಲಗಡೆಗೆ ಹೋಗಿ ಬಗ್ಗಿದಳು. "ಅವ್ವಾ, ಮುಗೀತು. ಕುಂದ್ರು." ಅದು ಎಲ್ಲರಿಗೂ ಕೇಳಿಸಿತು. ನೀಲಮ್ಮನವರು ಕಣ್ಣು ಬಿಟ್ಟು, ಸಾವಿರ ಜನ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ನಾಚಿ, ಗಡಬಡಿಸಿ ಕೂತರು.

ನಾನು ಓದಿದೆ. ಗೆದ್ದ ಒಂದು ಕುಸ್ತಿಯನ್ನೂ ಬಿಡಲಿಲ್ಲ. ಆನವಟ್ಟಿಯ ಇಪ್ಪತ್ತೆರಡು ನಿಮಿಷ ಓದಿದೆ, ಹೊಲಿಗೆ ಯಂತ್ರ ಹೊತ್ತು ತಂದದ್ದನ್ನೂ ಹೇಳಿದೆ. "ದೇವರಂಥ" ಎಂಬ ಮಾತನ್ನು ಓದದೆ ಬಿಟ್ಟು ಮುಂದಕ್ಕೆ ಹೋದೆ. ನಾಲ್ಕನೆಯ ಅಂಶಕ್ಕೆ ಬಂದು ಕಾಗದ ಮಡಿಸಿದೆ.

"ಇನ್ನೊಂದು ಮಾತು ಐತಲ್ರೀ," ಎಂದರು ಪಂಪಣ್ಣನವರು. "ಮಗಳದು. ಓದ್ರಿ."

"ಅದು ನಾನು ಓದೋ ಮಾತಲ್ಲ. ಅವರ ತಾಯಿ ಹೇಳಬೇಕು," ಎಂದೆ. ನನ್ನ ದನಿ ಎಷ್ಟು ಸಣ್ಣದೆಂದರೆ ಮೈಕು ಇಲ್ಲದಿದ್ದರೆ ಅವರಿಗೂ ಕೇಳಿಸುತ್ತಿರಲಿಲ್ಲ. "ಬಲಗಡೆ ಹೋಗಿ ಮಾತಾಡಿಸಿ. ಎಡಗಡೆ ನಿಂತರೆ ಪ್ರಯೋಜನ ಇಲ್ಲ."

ಜನರ ಮುಂದೆ ಬೇರೆ ದಾರಿಯಿಲ್ಲದೆ ಪಂಪಣ್ಣನವರು ಎದ್ದರು. ಚಿತ್ರಪಟ, ಗದೆ ಇದ್ದ ಮೇಜನ್ನು ಸುತ್ತಿ ಆ ಕಡೆಗೆ ಹೋಗಿ ಬಗ್ಗಿ ಏನೋ ಅಂದರು. ನೀಲಮ್ಮನವರು ಕಿವುಡರ ಹಾಗೆ ಗಟ್ಟಿಯಾಗಿಯೇ ಉತ್ತರ ಕೊಟ್ಟರು.

"ಇಲ್ರೀ. ಕೊಡಾದಿಲ್ಲ."

ರುದ್ರ ಗದೆ ತೆಗೆದುಕೊಂಡು ವೇದಿಕೆ ಇಳಿದು ಹೋದ. ಸಭೆ ಹೇಗೋ ಮುಗಿಯಿತು.

ಇದರಿಂದ ಒಳ್ಳೆಯದೇ ಆಯಿತೆಂದು ಬರೆಯಲು ನನಗೆ ಆಗುವುದಿಲ್ಲ. ಎಂಟು ದಿನದಲ್ಲಿ ಸಮಾಜದ ಕೋಣೆಯನ್ನು ಅಂಗಡಿಯ ದಾಸ್ತಾನಿಗೆ ಬೇಕೆಂದು ತೆಗೆದುಕೊಂಡರು. ಸತ್ತ ಗಂಡನ ಮರ್ಯಾದೆ ಕಳೆದವಳೆಂದು ನೀಲಮ್ಮನವರನ್ನು ಯಾರೂ ಮಾತಾಡಿಸದಂತಾಗಿ, ತಾಯಿ ಮಗಳು ಆನವಟ್ಟಿಯ ತವರಿಗೆ ಹೋದರು. ಆ ಹುಡುಗಿಯನ್ನು ನಾಲ್ಕು ವರ್ಷ ಯಾರೂ ಕೇಳಿಕೊಂಡು ಬರಲಿಲ್ಲವಂತೆ. ನನ್ನನ್ನು ಎದುರಿಗೇ ಬೈದವರು ಕಡಿಮೆ. ನಲ್ಲಿಯ ಹತ್ತಿರ ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಗೆದ್ದವನು ಸತ್ತಾಗ ಅವನ ಗೆಲುವನ್ನು ಪೂರ್ತಿಯಾಗಿ ಹೇಳಬೇಕು, ಅತ್ತರೆ ತಪ್ಪಿಲ್ಲ, ನಾನೂ ಅತ್ತಿದ್ದೆ. ಆದರೆ ಹೊಗಳಿಕೆ ಹೆಣದ ಜೊತೆ ಮಣ್ಣಿಗೆ ಹೋಗುವುದಿಲ್ಲ. ಬದುಕಿರುವ ಯಾರ ಮೇಲೋ ಕೂರುತ್ತದೆ. ಸಂತಾಪ ಬರೆಯುವ ಮೊದಲು ಅದು ಯಾರ ಮೇಲೆ ಕೂರುತ್ತದೆಂದು ಹೋಗಿ ನೋಡಿಕೊಂಡು ಬರಬೇಕು. ನಾನು ಒಂದು ಮನೆಗೆ ಹೋಗಿದ್ದೆ. ಒಂದೇ ಮನೆಗೆ.

ಮರುವರ್ಷ ರುದ್ರನಿಗೆ ಬೇರೆ ಊರಿನಿಂದ ಹೆಣ್ಣು ತಂದರು. ಸಮಾಜ ಆಗ ನಮ್ಮ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಆ ಹುಡುಗಿ ಹೊಲಿಗೆ ಕಲಿಯುತ್ತೇನೆಂದು ಬಂದು ಬಾಗಿಲಲ್ಲಿ ನಿಂತಳು. ಅಂಥ ಸೆಕೆಯಲ್ಲೂ ಸೆರಗನ್ನು ಕಿವಿ ಮುಚ್ಚುವ ಹಾಗೆ ಕೆನ್ನೆಯವರೆಗೆ ಎಳೆದುಕೊಂಡಿದ್ದಳು. ಹೆಸರು ಕೇಳಬೇಕೆಂದು ಎದ್ದವಳು, ಮಾತಾಡುವ ಮೊದಲು ಯಾವ ಕಡೆ ಹೋಗಿ ನಿಲ್ಲಬೇಕೆಂದು ನೋಡಿದೆ.